ಆಶ್ರಯದ ಬಾಗಿಲಲ್ಲಿ ಐದನೆಯ ಕಾರಣ

ಒಪ್ಪಂದ ಒಂದೇ, ಅದರ ಪದಗಳೂ ಒಂದೇ. ಆದರೆ ಅಟ್ಲಾಂಟಿಕ್ ಸಾಗರದ ಎರಡು ದಡಗಳಲ್ಲಿ ಆ ಪದಗಳಿಗೆ ಸಿಕ್ಕಿರುವ ಅರ್ಥ ಮಾತ್ರ ಪೂರ್ವ-ಪಶ್ಚಿಮ. 2024ರ ಜನವರಿಯಲ್ಲಿ ಲಕ್ಸೆಂಬರ್ಗ್‌ನಲ್ಲಿರುವ ಐರೋಪ್ಯ ಒಕ್ಕೂಟದ ನ್ಯಾಯಾಲಯವು, ಒಂದು ದೇಶದ ಮಹಿಳೆಯರೆಲ್ಲರನ್ನೂ ಒಟ್ಟಾಗಿ ಒಂದು 'ಸಾಮಾಜಿಕ ಗುಂಪು' ಎಂದು ಪರಿಗಣಿಸಲು ಅಡ್ಡಿಯಿಲ್ಲ ಎಂದು ತೀರ್ಪಿತ್ತಿತು. ಅದೇ ವರ್ಷದ ಅಕ್ಟೋಬರ್ 4ರಂದು ಅದೇ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದಿಟ್ಟಿತು. ತಾಲಿಬಾನ್ ಆಳ್ವಿಕೆಯ ಆಫ್ಘಾನಿಸ್ತಾನದ ಮಹಿಳೆಯೊಬ್ಬಳು ಆಶ್ರಯ ಕೋರಿದರೆ, ಆಕೆ ಆ ದೇಶದ ಪ್ರಜೆ ಹಾಗೂ ಹೆಣ್ಣು ಎಂಬ ಎರಡು ಸಂಗತಿಗಳ ಹೊರತು ಬೇರೆ ವೈಯಕ್ತಿಕ ಪುರಾವೆ ಕೇಳುವ ಅಗತ್ಯವಿಲ್ಲವೆಂದು ಸದಸ್ಯ ರಾಷ್ಟ್ರಗಳ ಅಧಿಕಾರಿಗಳು ತೀರ್ಮಾನಿಸಬಹುದು ಎಂಬುದು ಆ ತೀರ್ಪಿನ ಸಾರ.

ಇದಾದ ಒಂಬತ್ತೇ ತಿಂಗಳಿಗೆ, 2025ರ ಜುಲೈನಲ್ಲಿ, ಅಮೆರಿಕದ ವಲಸೆ ಮೇಲ್ಮನವಿ ಮಂಡಳಿ ಇದಕ್ಕೆ ತದ್ವಿರುದ್ಧವಾದ ನಿಲುವು ತಳೆಯಿತು. ಎಲ್ ಸಾಲ್ವಡಾರ್‌ನ ಮಹಿಳೆಯೊಬ್ಬರ ಅರ್ಜಿಯನ್ನು ಕುರಿತು ಅದು ನೀಡಿದ ನಿರ್ಣಯದ ಪ್ರಕಾರ, ಲಿಂಗ ಮತ್ತು ರಾಷ್ಟ್ರೀಯತೆಯಿಂದಷ್ಟೇ ಗುರುತಿಸಲಾಗುವ ಗುಂಪು ತೀರಾ ವಿಶಾಲವಾದುದು. ಆಶ್ರಯ ಕಾನೂನಿನ ಅರ್ಥದಲ್ಲಿ ಅದು 'ನಿರ್ದಿಷ್ಟ ಸಾಮಾಜಿಕ ಗುಂಪು' ಎನಿಸುವುದಿಲ್ಲ.

ಮೇಲ್ನೋಟಕ್ಕೆ ಇದು ವಕೀಲರ ವ್ಯಾಕರಣದ ಜಗಳದಂತೆ ತೋರಬಹುದು. ಆದರೆ ಈ ಎರಡು ಮೂರು ಪದಗಳ ಅರ್ಥವನ್ನು ಹೇಗೆ ಹಿಗ್ಗಿಸಲಾಗುತ್ತದೆ, ಹೇಗೆ ಕುಗ್ಗಿಸಲಾಗುತ್ತದೆ ಎಂಬುದರ ಮೇಲೆ ಒಬ್ಬ ವ್ಯಕ್ತಿ ಹೊಸ ಬದುಕು ಕಟ್ಟಿಕೊಳ್ಳುವನೋ ಅಥವಾ ತನ್ನನ್ನು ಕೊಲ್ಲಲು ಕಾದಿರುವವರ ಊರಿಗೇ ವಿಮಾನ ಹತ್ತುವನೋ ಎಂಬುದು ನಿಂತಿದೆ.

ತಡವಾಗಿ ಸೇರಿದ ಪದಗಳು

ನಿರಾಶ್ರಿತರನ್ನು ಕುರಿತ ಅಂತರರಾಷ್ಟ್ರೀಯ ಒಡಂಬಡಿಕೆ ರೂಪುಗೊಂಡದ್ದು 1951ರ ಜುಲೈನಲ್ಲಿ, ಜಿನೀವಾದಲ್ಲಿ. ಎರಡನೆಯ ಮಹಾಯುದ್ಧದ ಬೂದಿ ಇನ್ನೂ ಆರಿರಲಿಲ್ಲ. ಪೂರ್ವ ಯೂರೋಪಿನಿಂದ ಓಡಿಬರುತ್ತಿದ್ದವರ ಸಾಲು ನಿಂತಿರಲಿಲ್ಲ. ಜನಾಂಗ, ಧರ್ಮ, ರಾಷ್ಟ್ರೀಯತೆ, ರಾಜಕೀಯ ಅಭಿಪ್ರಾಯ - ಈ ನಾಲ್ಕರಲ್ಲಿ ಒಂದರ ಕಾರಣಕ್ಕೆ ತಾಯ್ನಾಡಿನಲ್ಲಿ ದಮನಕ್ಕೆ ಒಳಗಾಗುವ ಸಕಾರಣ ಭಯವುಳ್ಳವನೇ ನಿರಾಶ್ರಿತ ಎಂಬುದು ಕರಡಿನ ವ್ಯಾಖ್ಯೆಯಾಗಿತ್ತು. ಸಮಾವೇಶ ನಡೆಯುತ್ತಿದ್ದಾಗ ಸ್ವೀಡನ್ನಿನ ಪ್ರತಿನಿಧಿ ತಿದ್ದುಪಡಿಯೊಂದನ್ನು ಸೂಚಿಸಿದರು. 'ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ' ಎಂಬುದು ಹಾಗೆ ಪಟ್ಟಿಗೆ ಸೇರಿದ ಐದನೆಯ ಕಾರಣ. ಅದರ ಅರ್ಥವೇನೆಂಬ ಬಗ್ಗೆ ದೀರ್ಘ ಚರ್ಚೆಯೇನೂ ನಡೆಯಲಿಲ್ಲ. ಒಡಂಬಡಿಕೆಯಲ್ಲಿಯೂ ಅದಕ್ಕೆ ವಿವರಣೆಯಿಲ್ಲ.

ಗಮನಿಸಬೇಕಾದ ಅಂಶವೆಂದರೆ, ಆ ಪಟ್ಟಿಯಲ್ಲಿ 'ಲಿಂಗ' ಎಂಬ ಪದ ಇರಲಿಲ್ಲ, ಇಂದಿಗೂ ಇಲ್ಲ. ಕರಡು ಬರೆದವರ ಕಣ್ಣಮುಂದಿದ್ದ ನಿರಾಶ್ರಿತ ಸರ್ವಾಧಿಕಾರಿಯ ವಿರುದ್ಧ ಬರೆದ ಲೇಖಕ, ಪಕ್ಷದ ಕಾರ್ಯಕರ್ತ, ಅಲ್ಪಸಂಖ್ಯಾತ ಧರ್ಮದ ವ್ಯಾಪಾರಿ. ಗಂಡನ ಹೊಡೆತಕ್ಕೆ ಊರು ಬಿಟ್ಟ ಹೆಂಗಸಾಗಲಿ, ತನ್ನ ಪ್ರೀತಿಯ ಸ್ವರೂಪಕ್ಕಾಗಿ ಜೈಲಿಗೆ ಹೋಗಬೇಕಾದ ಸಲಿಂಗಿಯಾಗಲಿ ಅಂದಿನ ಕಲ್ಪನೆಯಲ್ಲಿ ಇರಲಿಲ್ಲ. ಅಂಥವರು ಮುಂದೆ ಬಾಗಿಲು ತಟ್ಟಿದಾಗ ತೆರೆಯಬಹುದಾಗಿದ್ದುದು ಐದನೆಯ ಬಾಗಿಲೊಂದೇ.

ಬದಲಾಯಿಸಲಾಗದ್ದು ಯಾವುದು?

ಬಾಗಿಲಿಗೆ ಮೊದಲ ಅಳತೆಗೋಲು ಸಿಕ್ಕಿದ್ದು 1985ರಲ್ಲಿ, ಅಮೆರಿಕದಲ್ಲಿ. ಎಲ್ ಸಾಲ್ವಡಾರ್‌ನ ಟ್ಯಾಕ್ಸಿ ಚಾಲಕರ ಸಹಕಾರ ಸಂಘವೊಂದರ ಸದಸ್ಯನೊಬ್ಬ, ಗೆರಿಲ್ಲಾಗಳು ಕರೆಕೊಟ್ಟ ಮುಷ್ಕರದಲ್ಲಿ ಭಾಗವಹಿಸದ ಕಾರಣ ತನಗೆ ಪ್ರಾಣಭಯವಿದೆ ಎಂದು ಆಶ್ರಯ ಕೇಳಿದ್ದ. ವಲಸೆ ಮೇಲ್ಮನವಿ ಮಂಡಳಿ ಆತನ ಅರ್ಜಿಯನ್ನು ತಳ್ಳಿಹಾಕಿತು. ಆದರೆ ತಳ್ಳಿಹಾಕುವಾಗ ಹೇಳಿದ ತತ್ತ್ವ ಮಾತ್ರ ಲೋಕದ ನ್ಯಾಯಾಲಯಗಳಲ್ಲೆಲ್ಲ ಓಡಾಡಿತು. ಉಳಿದ ನಾಲ್ಕು ಕಾರಣಗಳನ್ನು ಗಮನಿಸಿದರೆ ಅವೆಲ್ಲವೂ ಮನುಷ್ಯ ಬದಲಾಯಿಸಲಾಗದ ಅಥವಾ ಬದಲಾಯಿಸು ಎಂದು ಆತನನ್ನು ಬಲವಂತಪಡಿಸಬಾರದ ಗುಣಗಳು. ಹಾಗಾಗಿ 'ಸಾಮಾಜಿಕ ಗುಂಪು' ಎಂಬುದಕ್ಕೂ ಅದೇ ಅರ್ಥ ಇರಬೇಕು ಎಂದಿತು ಮಂಡಳಿ. ಚರ್ಮದ ಬಣ್ಣವನ್ನು ಬದಲಾಯಿಸಲಾಗದು. ದೇವರನ್ನು ಬದಲಾಯಿಸೆಂದು ಹೇಳಬಾರದು. ಟ್ಯಾಕ್ಸಿ ಓಡಿಸುವ ಕಸುಬನ್ನು ಬಿಡಬಹುದು ಎಂಬುದು ತರ್ಕ.

ಚಾಲಕನ ಪಾಲಿಗೆ ಮುಚ್ಚಿದ ಈ ತರ್ಕವೇ ಹಲವರಿಗೆ ತೆರೆಯಿತು. ಸರ್ಕಾರದ ಕಡತದಲ್ಲಿ ಸಲಿಂಗಕಾಮಿಯೆಂದು ದಾಖಲಾಗಿ ಕಿರುಕುಳಕ್ಕೊಳಗಾದ ಕ್ಯೂಬಾದ ವ್ಯಕ್ತಿಯೊಬ್ಬನ ಪರವಾಗಿ ಅದೇ ಮಂಡಳಿ 1990ರಲ್ಲಿ ನಿರ್ಣಯ ನೀಡಿತು. ಅಂದಿನ ಅಟಾರ್ನಿ ಜನರಲ್ ಜಾನೆಟ್ ರೆನೊ 1994ರಲ್ಲಿ ಅದಕ್ಕೆ ಪೂರ್ವನಿದರ್ಶನದ ಸ್ಥಾನ ಕೊಟ್ಟರು. ಕೆನಡಾದ ಸುಪ್ರೀಂ ಕೋರ್ಟ್ 1993ರಲ್ಲಿ ವಾರ್ಡ್ ಪ್ರಕರಣದ ತೀರ್ಪಿನಲ್ಲಿ ಲಿಂಗ, ಭಾಷಿಕ ಹಿನ್ನೆಲೆ, ಲೈಂಗಿಕ ಒಲವು ಇವೆಲ್ಲವೂ ಗುಂಪನ್ನು ಗುರುತಿಸುವ ಸಹಜ ಗುಣಗಳೆಂದು ವಿವರಿಸಿತು. ಆಫ್ರಿಕಾದ ಟೋಗೋ ದೇಶದಿಂದ ಜನನಾಂಗ ಛೇದನದ ಪದ್ಧತಿಗೆ ಹೆದರಿ ಓಡಿಬಂದ ತರುಣಿಯೊಬ್ಬಳು ವರ್ಷಕ್ಕೂ ಹೆಚ್ಚು ಕಾಲ ಅಮೆರಿಕದ ಬಂಧನ ಕೇಂದ್ರಗಳಲ್ಲಿ ಕಳೆದ ಮೇಲೆ, 1996ರಲ್ಲಿ ಆಶ್ರಯ ಪಡೆದಳು.

ಬೇಲಿಯೇ ಸುಮ್ಮನಿದ್ದಾಗ

ಇನ್ನೊಂದು ತೊಡಕು ಉಳಿದೇ ಇತ್ತು. ಸರ್ಕಾರವೇ ಹಿಂಸಿಸಿದರೆ ಅದು ದಮನ ಸರಿ. ಗಂಡ, ಮಾವ, ಅಣ್ಣ, ಊರಿನ ಪಂಚರು ಹಿಂಸಿಸಿದರೆ? ಅದು ಮನೆಯ ವಿಷಯವಲ್ಲವೇ ಎಂಬುದು ಬಹುಕಾಲದ ಉತ್ತರವಾಗಿತ್ತು.

ಇದಕ್ಕೆ ಖಚಿತ ಮರುನುಡಿ ಬಂದದ್ದು 1999ರ ಮಾರ್ಚ್‌ನಲ್ಲಿ, ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ನಿಂದ. ಗಂಡಂದಿರು ಮನೆಯಿಂದ ಹೊರಗಟ್ಟಿದ, ವ್ಯಭಿಚಾರದ ಸುಳ್ಳು ಆರೋಪಕ್ಕೆ ಗುರಿಯಾಗುವ ಭಯವಿದ್ದ ಪಾಕಿಸ್ತಾನದ ಇಬ್ಬರು ಮಹಿಳೆಯರ ಪ್ರಕರಣ ಅದು. ಲಾರ್ಡ್ ಹಾಫ್‌ಮನ್ ಅಲ್ಲಿ ಒಂದು ದೃಷ್ಟಾಂತ ಕೊಟ್ಟರು. ನಾಜಿ ಜರ್ಮನಿಯಲ್ಲಿ ಯಹೂದಿ ವ್ಯಾಪಾರಿಯ ಅಂಗಡಿಯನ್ನು ಆತನ ಪ್ರತಿಸ್ಪರ್ಧಿಗಳು ಹಾಳುಗೆಡಹುತ್ತಾರೆ ಎಂದಿಟ್ಟುಕೊಳ್ಳೋಣ. ಅವರ ಉದ್ದೇಶ ಬರೀ ವ್ಯಾಪಾರದ ಪೈಪೋಟಿ. ಆದರೆ ಯಹೂದಿಯ ರಕ್ಷಣೆಗೆ ಪೊಲೀಸರು ಬರುವುದಿಲ್ಲ ಎಂಬ ಧೈರ್ಯವೇ ಅವರ ಬಂಡವಾಳ. ಹಾಗಿರುವಾಗ ಆತ ಪೆಟ್ಟು ತಿಂದದ್ದು ಯಹೂದಿಯಾದ ಕಾರಣಕ್ಕಲ್ಲ ಎನ್ನಲಾದೀತೇ? ಗಂಡನ ಸಿಟ್ಟು ವೈಯಕ್ತಿಕವಿರಬಹುದು; ಹೆಣ್ಣೆಂಬ ಕಾರಣಕ್ಕೆ ಆಕೆಗೆ ರಕ್ಷಣೆ ನಿರಾಕರಿಸುವ ರಾಜ್ಯದ ಧೋರಣೆ ವೈಯಕ್ತಿಕವಲ್ಲ. ಹಿಂಸೆ ಮತ್ತು ರಕ್ಷಣೆಯ ನಿರಾಕರಣೆ ಎರಡೂ ಕೂಡಿದಾಗ ದಮನವಾಗುತ್ತದೆ ಎಂದು ಬಹುಮತದ ತೀರ್ಪು ಸಾರಿತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಗಾದೆಗೆ ಈ ತೀರ್ಪು ಇನ್ನೊಂದು ಮಗ್ಗುಲನ್ನು ಸೇರಿಸಿತು. ಬೇಲಿ ತಾನಾಗಿ ಮೇಯಬೇಕಿಲ್ಲ; ಮೇಯುವವರನ್ನು ಕಂಡೂ ಸುಮ್ಮನಿದ್ದರೆ ಹೊಲದ ಪಾಲಿಗೆ ಎರಡೂ ಒಂದೇ.

ಸಲಿಂಗಿಗಳ ವಿಷಯದಲ್ಲಿ ತೊಡಕು ಬೇರೆ ಬಗೆಯದಾಗಿತ್ತು. 'ಊರಿಗೆ ಹಿಂದಿರುಗಿ, ಗುಟ್ಟಾಗಿ ಬಾಳಿದರೆ ಯಾರೂ ಏನೂ ಮಾಡುವುದಿಲ್ಲ' ಎಂಬುದು ಅಧಿಕಾರಿಗಳ ಸಿದ್ಧ ಉಪದೇಶ. ಬಾಂಗ್ಲಾದೇಶದ ಇಬ್ಬರ ಪ್ರಕರಣದಲ್ಲಿ 2003ರಲ್ಲಿ ಆಸ್ಟ್ರೇಲಿಯದ ಹೈಕೋರ್ಟ್, ಇರಾನ್ ಮತ್ತು ಕ್ಯಾಮರೂನ್‌ನ ಇಬ್ಬರ ಪ್ರಕರಣದಲ್ಲಿ 2010ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ಈ ಉಪದೇಶವನ್ನು ತಿರಸ್ಕರಿಸಿದವು. ಧರ್ಮವನ್ನು ಬಚ್ಚಿಟ್ಟುಕೊಂಡು ಬದುಕು ಎಂದು ಯಾರಿಗೂ ಹೇಳದ ಕಾನೂನು ಇವರಿಗೆ ಮಾತ್ರ ಹಾಗೆ ಹೇಳುವಂತಿಲ್ಲ. ಇನ್ನು ಅರ್ಜಿದಾರನ ಒಲವನ್ನು 'ಸಾಬೀತುಪಡಿಸಲು' ದೇಹ ಪರೀಕ್ಷೆ ನಡೆಸುವುದನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯ 2014ರಲ್ಲಿಯೂ, ಅದನ್ನು ನಿರ್ಧರಿಸಲು ಮನಶ್ಶಾಸ್ತ್ರೀಯ ಪರೀಕ್ಷೆಗಳನ್ನು ಬಳಸುವುದನ್ನು 2018ರಲ್ಲಿಯೂ ತಡೆಯಿತು.

ತೂಗುಯ್ಯಾಲೆಯ ಮೇಲೆ ಹಣೆಬರಹ

ಇಷ್ಟೆಲ್ಲ ಆದ ಮೇಲೆಯೂ ಐದನೆಯ ಕಾರಣ ಗಟ್ಟಿ ನೆಲ ಕಂಡಿಲ್ಲ ಎಂಬುದಕ್ಕೆ ಅಮೆರಿಕದ ಅನುಭವವೇ ಸಾಕ್ಷಿ. ಅಲ್ಲಿ ವಲಸೆ ನ್ಯಾಯಾಧೀಶರು, ಮೇಲ್ಮನವಿ ಮಂಡಳಿ ಇಬ್ಬರೂ ಸ್ವತಂತ್ರ ನ್ಯಾಯಾಂಗಕ್ಕೆ ಸೇರಿದವರಲ್ಲ. ನ್ಯಾಯ ಇಲಾಖೆಯ ಅಧೀನದಲ್ಲಿರುವವರು. ಮಂಡಳಿಯ ಯಾವುದೇ ನಿರ್ಣಯವನ್ನು ಅಟಾರ್ನಿ ಜನರಲ್ ತಮ್ಮ ಮೇಜಿಗೆ ತರಿಸಿಕೊಂಡು ತಿರುಗಿಸಿಬಿಡಬಹುದು. ಅಟಾರ್ನಿ ಜನರಲ್ ಅಧ್ಯಕ್ಷರ ನೇಮಕ. ಹೀಗಾಗಿ ಕಾನೂನಿನ ಅರ್ಥ ಚುನಾವಣೆಯ ಫಲಿತಾಂಶದ ಜೊತೆ ತೂಗಾಡುತ್ತದೆ.

ಗ್ವಾಟೆಮಾಲಾದ ಮಹಿಳೆಯೊಬ್ಬರ 'ಆರ್-ಎ' ಪ್ರಕರಣವನ್ನೇ ನೋಡಬಹುದು. ಸೈನಿಕನಾಗಿದ್ದ ಗಂಡನ ಕೈಯಲ್ಲಿ ಸುಮಾರು ಹತ್ತು ವರ್ಷ ಹಿಂಸೆ ಅನುಭವಿಸಿದ, ಪೊಲೀಸರಿಂದಲೂ ನ್ಯಾಯಾಲಯದಿಂದಲೂ ನೆರವು ಸಿಗದ ಆಕೆ 1995ರಲ್ಲಿ ಅಮೆರಿಕಕ್ಕೆ ಓಡಿಬಂದರು. 1996ರಲ್ಲಿ ವಲಸೆ ನ್ಯಾಯಾಧೀಶರು ಆಶ್ರಯ ಮಂಜೂರು ಮಾಡಿದರು. 1999ರಲ್ಲಿ ಮಂಡಳಿ ಅದನ್ನು ರದ್ದುಪಡಿಸಿತು. 2001ರಲ್ಲಿ ರೆನೊ ಆ ರದ್ದತಿಯನ್ನೇ ತೆಗೆದುಹಾಕಿದರು. ಮುಂದೆ ಇಬ್ಬರು ಅಟಾರ್ನಿ ಜನರಲ್‌ಗಳ ಕೈದಾಟಿ, ಕೊನೆಗೆ 2009ರ ಡಿಸೆಂಬರ್‌ನಲ್ಲಿ ಆಕೆಗೆ ಆಶ್ರಯ ದೊರೆಯಿತು. ಆಕೆ ಹಿಂಸೆಗೆ ಒಳಗಾದದ್ದನ್ನು ಆ ಹದಿನಾಲ್ಕು ವರ್ಷಗಳಲ್ಲಿ ಮಂಡಳಿಯೂ ನಿರಾಕರಿಸಿರಲಿಲ್ಲ. ವಾದ ನಡೆದದ್ದು ಆಕೆ ಯಾವ ಗುಂಪಿಗೆ ಸೇರಿದವಳು ಎಂಬ ಒಂದೇ ವಿಷಯದ ಸುತ್ತ.

ತೂಗುಯ್ಯಾಲೆ ಅಲ್ಲಿಗೆ ನಿಲ್ಲಲಿಲ್ಲ. 'ದಾಂಪತ್ಯ ಸಂಬಂಧದಿಂದ ಹೊರಬರಲಾಗದ ಗ್ವಾಟೆಮಾಲಾದ ವಿವಾಹಿತ ಮಹಿಳೆಯರು' ಒಂದು ಗುಂಪಾಗಬಲ್ಲರು ಎಂದು ಮಂಡಳಿ 2014ರಲ್ಲಿ ಒಪ್ಪಿತು. 2018ರ ಜೂನ್‌ನಲ್ಲಿ ಟ್ರಂಪ್ ಆಡಳಿತದ ಅಟಾರ್ನಿ ಜನರಲ್ ಜೆಫ್ ಸೆಷನ್ಸ್ 'ಎ-ಬಿ' ಪ್ರಕರಣದ ಮೂಲಕ ಅದನ್ನು ತಳ್ಳಿಹಾಕಿದರು. 2021ರ ಜೂನ್‌ನಲ್ಲಿ ಬೈಡನ್ ಆಡಳಿತದ ಮೆರಿಕ್ ಗಾರ್ಲಂಡ್ ಸೆಷನ್ಸ್ ನಿರ್ಣಯವನ್ನು ರದ್ದುಮಾಡಿದರು. 2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಅವರ ಎರಡನೆಯ ಅವಧಿಯ ಅಟಾರ್ನಿ ಜನರಲ್ ಪ್ಯಾಮ್ ಬಾಂಡಿ ಗಾರ್ಲಂಡ್ ನಿರ್ಣಯವನ್ನು ತೆಗೆದುಹಾಕಿ ಸೆಷನ್ಸ್ ನಿಲುವನ್ನು ಮರುಸ್ಥಾಪಿಸಿದರು. ಹೊಡೆದ ಕೈ ಅದೇ, ಹೊಡೆತ ಅದೇ, ಕಾನೂನಿನ ಅಕ್ಷರವೂ ಅದೇ. ಅರ್ಜಿ ವಿಚಾರಣೆಗೆ ಬಂದ ಇಸವಿ ಮಾತ್ರ ಬೇರೆ.

ಬ್ರಿಟನ್ನಿನಲ್ಲಿ ಸಂಸತ್ತೇ ಹಗ್ಗ ಬಿಗಿದಿದೆ. ಬದಲಾಯಿಸಲಾಗದ ಗುಣ ಇರಬೇಕು ಅಥವಾ ಸಮಾಜ ಆ ಗುಂಪನ್ನು ಪ್ರತ್ಯೇಕವಾಗಿ ಗುರುತಿಸುವಂತಿರಬೇಕು, ಎರಡರಲ್ಲಿ ಒಂದಿದ್ದರೆ ಸಾಕು ಎಂಬುದು ವಿಶ್ವಸಂಸ್ಥೆಯ ನಿರಾಶ್ರಿತರ ಹೈಕಮಿಷನರ್ ಕಚೇರಿ 2002ರಲ್ಲಿ ಪ್ರಕಟಿಸಿದ ಮಾರ್ಗಸೂಚಿ. 2022ರ ರಾಷ್ಟ್ರೀಯತೆ ಮತ್ತು ಗಡಿ ಕಾಯಿದೆಯು ಎರಡೂ ಇರಲೇಬೇಕೆಂದು ವಿಧಿಸಿತು. ಅಮೆರಿಕದಲ್ಲಿಯಾದರೋ 2014ರಿಂದ ಇವೆರಡರ ಜೊತೆಗೆ ಗುಂಪಿನ ಎಲ್ಲೆ ಸ್ಪಷ್ಟವಾಗಿರಬೇಕೆಂಬ ಮೂರನೆಯ ಷರತ್ತೂ ಇದೆ.

ಎಣಿಕೆಯ ಭಯ

ಈ ಹಗ್ಗಜಗ್ಗಾಟದ ಬುಡದಲ್ಲಿರುವುದು ಸಂಖ್ಯೆಯ ಭಯ. ಮಹಿಳೆಯರೆಲ್ಲ ಒಂದು ಗುಂಪೆಂದು ಒಪ್ಪಿದರೆ ದೇಶವೊಂದರ ಅರ್ಧ ಜನಸಂಖ್ಯೆಗೆ ಬಾಗಿಲು ತೆರೆದಂತಾಗದೇ ಎಂಬುದು ಸರ್ಕಾರಗಳ ಪ್ರಶ್ನೆ. ಪ್ರಶ್ನೆ ಪೂರ್ತಿ ಹುಸಿಯಲ್ಲ. ಬಡತನದಿಂದ ಬರುವವರೂ ಆಶ್ರಯದ ಅರ್ಜಿ ಹಾಕುತ್ತಾರೆ. ದಲ್ಲಾಳಿಗಳು ಹೇಳಿಕೊಟ್ಟ ಕಥೆಗಳೂ ಬರುತ್ತವೆ. ಬಾಕಿ ಅರ್ಜಿಗಳ ರಾಶಿ ಬೆಳೆದಷ್ಟೂ ನಿಜವಾದ ಸಂತ್ರಸ್ತರೇ ವರ್ಷಗಟ್ಟಲೆ ಕಾಯಬೇಕಾಗುತ್ತದೆ. ಇಷ್ಟಕ್ಕೂ 1951ರ ಒಡಂಬಡಿಕೆ ಲೋಕದ ಎಲ್ಲ ದುಃಖಕ್ಕೂ ಮದ್ದೆಂದು ಯಾರೂ ಹೇಳಿರಲಿಲ್ಲ.

ಆದರೆ ಈ ಭಯಕ್ಕೆ ಉತ್ತರ ಒಡಂಬಡಿಕೆಯಲ್ಲೇ ಇದೆ. ಗುಂಪಿನ ಸದಸ್ಯತ್ವವೊಂದರಿಂದಲೇ ಯಾರಿಗೂ ಆಶ್ರಯ ಸಿಗುವುದಿಲ್ಲ. ಭಯ ಸಕಾರಣವಾದುದೆಂದು ತೋರಿಸಬೇಕು. ಹಿಂಸೆ ದಮನದ ಮಟ್ಟಕ್ಕೆ ಮುಟ್ಟಿರಬೇಕು. ಆ ಹಿಂಸೆಗೂ ಗುಂಪಿನ ಗುರುತಿಗೂ ನಂಟಿರಬೇಕು. ತಾಯ್ನಾಡಿನ ಸರ್ಕಾರ ರಕ್ಷಣೆ ಕೊಡದು ಎಂಬುದನ್ನು ಸ್ಥಾಪಿಸಬೇಕು. ದೇಶದೊಳಗೇ ಬೇರೊಂದು ಊರಿನಲ್ಲಿ ಸುರಕ್ಷಿತವಾಗಿರಲು ಸಾಧ್ಯವಿಲ್ಲವೆಂದೂ ಮನಗಾಣಿಸಬೇಕಾಗಬಹುದು. ಜರಡಿಗಳು ಇಷ್ಟಿರುವಾಗ ಗುಂಪಿನ ಗಾತ್ರವನ್ನೇ ತಡೆಗೋಡೆಯಾಗಿಸುವ ಅಗತ್ಯ ಕಾಣದು. ಧರ್ಮದ ಕಾರಣಕ್ಕೆ ಆಶ್ರಯ ಕೇಳಿದವನಿಗೆ 'ನಿನ್ನ ಧರ್ಮದವರು ಕೋಟಿಗಟ್ಟಲೆ ಇದ್ದಾರೆ, ಆದ್ದರಿಂದ ಅದು ಲೆಕ್ಕಕ್ಕಿಲ್ಲ' ಎಂದು ಯಾವ ನ್ಯಾಯಾಲಯವೂ ಹೇಳಿದ್ದಿಲ್ಲ. ಜನಾಂಗಕ್ಕೂ ಆ ಅಳತೆ ಇಲ್ಲ. ಐದನೆಯ ಕಾರಣಕ್ಕೆ ಬಂದಾಗ ಮಾತ್ರ ತಲೆ ಎಣಿಸುವ ಕೆಲಸ ಶುರುವಾಗುತ್ತದೆ.

ಎಣಿಕೆಯ ಪರಿಣಾಮವೂ ವಿಚಿತ್ರ. 'ಮಹಿಳೆಯರು' ಎಂದರೆ ಗುಂಪು ತೀರಾ ದೊಡ್ಡದಾಯಿತು. ಆ ಮಾತಿಗೆ ಅಂಜಿ ವಕೀಲರು ವಿಶೇಷಣಗಳನ್ನು ಪೋಣಿಸಿ ಚಿಕ್ಕದಾಗಿಸಿದರೆ, ಅದು ಈ ಪ್ರಕರಣಕ್ಕಾಗಿಯೇ ಹೊಲಿದ ಗುಂಪು, ಹಿಂಸೆಯಿಂದಲೇ ಗುರುತಿಸಿಕೊಂಡ ಗುಂಪು, ಸಮಾಜದಲ್ಲಿ ಅಂಥದೊಂದು ಗುಂಪೇ ಇಲ್ಲ ಎಂಬ ಆಕ್ಷೇಪ. ಅತ್ತ ದರಿ, ಇತ್ತ ಪುಲಿ. ಈ ಪದಜೋಡಣೆಯ ಕಸರತ್ತು ಬಲ್ಲ ವಕೀಲ ಸಿಕ್ಕವರು ಪಾರಾದಾರು. ಭಾಷೆ ಬಾರದ, ಬಂಧನ ಕೇಂದ್ರದಿಂದ ಒಬ್ಬಂಟಿಯಾಗಿ ವಾದಿಸಬೇಕಾದವರ ಗತಿಯೇನು? ಲಕ್ಸೆಂಬರ್ಗ್‌ನ ತೀರ್ಪುಗಳ ಮಹತ್ವ ಇರುವುದು ಇಲ್ಲಿಯೇ. ಬಾಲಕಿಯರ ಪ್ರೌಢಶಿಕ್ಷಣಕ್ಕೆ ಬಾಗಿಲು ಹಾಕಿದ, 2022ರ ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳಿಂದಲೂ ಹೆಣ್ಣುಮಕ್ಕಳನ್ನು ಹೊರಗಿಟ್ಟ, 2024ರಲ್ಲಿ ಸಾರ್ವಜನಿಕ ಸ್ಥಳದಲ್ಲಿ ಹೆಣ್ಣಿನ ದನಿಯನ್ನೂ ನಿರ್ಬಂಧಿಸುವ ಕಾನೂನು ತಂದ ಆಡಳಿತವೇ ಯಾರನ್ನೂ ಬಿಡದೆ ಎಲ್ಲ ಹೆಣ್ಣುಮಕ್ಕಳನ್ನೂ ಒಂದು ಗುಂಪಾಗಿ ಕಂಡಿದೆ. ದಮನಕಾರನೇ ಎಳೆದ ಗೆರೆಯನ್ನು ಆಶ್ರಯ ಕೊಡಬೇಕಾದವರು ಮಾತ್ರ ಕಾಣುವುದಿಲ್ಲ ಎನ್ನುವುದು ಸರಿಯಲ್ಲ. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಲಿಂಗಾಧಾರಿತ ದಮನದ ಆರೋಪದ ಮೇಲೆ ತಾಲಿಬಾನ್ ನಾಯಕ ಹೈಬತುಲ್ಲಾ ಅಖುಂಡ್‌ಜಾದಾ ವಿರುದ್ಧ ಬಂಧನ ವಾರಂಟ್ ಹೊರಡಿಸಿದ್ದೂ ಇದನ್ನೇ ಹೇಳುತ್ತದೆ.

ಭಾರತದಲ್ಲಿ ಐದನೆಯ ಕಾರಣ

ಈ ಚರ್ಚೆಯಲ್ಲಿ ಭಾರತದ ಸ್ಥಾನ ಯಾವುದು? 1951ರ ಒಡಂಬಡಿಕೆಗಾಗಲಿ, ಅದರ ವ್ಯಾಪ್ತಿ ಹಿಗ್ಗಿಸಿದ 1967ರ ಪೂರಕ ಒಪ್ಪಂದಕ್ಕಾಗಲಿ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಹಾಗೆಂದು ಆಶ್ರಯ ಕೊಡುವ ಪರಂಪರೆ ಇಲ್ಲವೆಂದಲ್ಲ. ಬೈಲಕುಪ್ಪೆ, ಮುಂಡಗೋಡಗಳ ಟಿಬೆಟನ್ ಶಿಬಿರಗಳನ್ನು ಕಂಡಿರುವ ಕನ್ನಡಿಗರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಆ ಆಶ್ರಯ ಸರ್ಕಾರದ ನೀತಿಯಿಂದ ಬಂದದ್ದೇ ಹೊರತು ಅರ್ಜಿದಾರನ ಹಕ್ಕಿನಿಂದ ಬಂದದ್ದಲ್ಲ.

ಕುತೂಹಲದ ಸಂಗತಿಯೆಂದರೆ, ಕೇಂದ್ರ ಗೃಹ ಸಚಿವಾಲಯ 2011ರ ಡಿಸೆಂಬರ್‌ನಲ್ಲಿ ಹೊರಡಿಸಿದ ಕಾರ್ಯವಿಧಾನದ ಸೂಚನೆಯಲ್ಲಿ ಈ ಐದನೆಯ ಕಾರಣ ಇದೆ. ನಿರಾಶ್ರಿತನೆಂದು ಹೇಳಿಕೊಳ್ಳುವ ವಿದೇಶಿಯನಿಗೆ ದೀರ್ಘಾವಧಿ ವೀಸಾ ನೀಡಲು ಪರಿಗಣಿಸಬೇಕಾದ ಕಾರಣಗಳಲ್ಲಿ ಜನಾಂಗ, ಧರ್ಮಗಳ ಜೊತೆಗೆ 'ನಿರ್ದಿಷ್ಟ ಸಾಮಾಜಿಕ ಗುಂಪಿನ ಸದಸ್ಯತ್ವ'ವನ್ನೂ, ಒಡಂಬಡಿಕೆಯಲ್ಲಿಯೇ ಇಲ್ಲದ 'ಲಿಂಗ'ವನ್ನೂ ಅದು ಹೆಸರಿಸಿತು. ಕಾಗದದ ಮೇಲೆ ಜಿನೀವಾಕ್ಕಿಂತ ಒಂದು ಹೆಜ್ಜೆ ಮುಂದೆ. ಆದರೆ ಅದು ಸಂಸತ್ತು ಒಪ್ಪಿದ ಕಾಯಿದೆಯಲ್ಲ, ಆಡಳಿತಾತ್ಮಕ ಸೂಚನೆ. ಸಂಸತ್ತು 2019ರಲ್ಲಿ ಒಪ್ಪಿದ ಪೌರತ್ವ ತಿದ್ದುಪಡಿ ಕಾಯಿದೆಯಾದರೋ ಪಾಕಿಸ್ತಾನ, ಬಾಂಗ್ಲಾದೇಶ, ಆಫ್ಘಾನಿಸ್ತಾನಗಳಿಂದ 2014ರ ಡಿಸೆಂಬರ್ 31ರೊಳಗೆ ಬಂದ ಆರು ಧರ್ಮಗಳವರಿಗೆ ಸೀಮಿತ. ಕಾಬೂಲಿನಲ್ಲಿ ಓದುವ ಹಕ್ಕು ಕಳೆದುಕೊಂಡ ಮುಸ್ಲಿಂ ಹುಡುಗಿಯ ಭಯಕ್ಕೆ ಅದರಲ್ಲಿ ಜಾಗವಿಲ್ಲ. 2025ರ ವಲಸೆ ಮತ್ತು ವಿದೇಶಿಯರ ಕಾಯಿದೆ 1946ರ ವಿದೇಶಿಯರ ಕಾಯಿದೆಯ ಸ್ಥಾನಕ್ಕೆ ಬಂದಿತಾದರೂ ನಿರಾಶ್ರಿತ ಎಂಬುದಕ್ಕೆ ವ್ಯಾಖ್ಯೆ ಕೊಡಲಿಲ್ಲ.

2021ರ ಆಗಸ್ಟ್‌ನಲ್ಲಿ ಕಾಬೂಲ್ ತಾಲಿಬಾನ್ ವಶವಾದಾಗ ಮೈಸೂರು, ಬೆಂಗಳೂರುಗಳಲ್ಲಿ ಓದುತ್ತಿದ್ದ ಆಫ್ಘನ್ ವಿದ್ಯಾರ್ಥಿಗಳನ್ನು ಕಾಡಿದ್ದು ವೀಸಾ ಅವಧಿ ಮುಗಿದರೆ ಮುಂದೇನು ಎಂಬ ಪ್ರಶ್ನೆ. ಅವಧಿ ವಿಸ್ತರಣೆ ಸಿಗಬಹುದಿತ್ತು, ಅನುಕಂಪ ಸಿಗಬಹುದಿತ್ತು. 'ನನ್ನನ್ನು ಹಿಂದಕ್ಕೆ ಕಳುಹಿಸಕೂಡದು' ಎಂದು ಬೆರಳಿಟ್ಟು ತೋರಿಸಲು ಒಂದು ಕಲಮು ಇರಲಿಲ್ಲ. ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ವಿದೇಶಿಯರಿಗೂ ಅನ್ವಯವೆಂದು 1996ರಲ್ಲಿ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದೊಂದೇ ಊರುಗೋಲು.

ಅಮೆರಿಕದಲ್ಲಿ ಕಾನೂನಿದ್ದೂ ಅದರ ಅರ್ಥ ಸ್ಥಿರವಿಲ್ಲ. ಭಾರತದಲ್ಲಿ ಒಳ್ಳೆಯ ಅರ್ಥವಿದ್ದೂ ಅದಕ್ಕೆ ಕಾನೂನಿನ ಬಲವಿಲ್ಲ. ಎರಡೂ ಕಡೆ ಪರಿಣಾಮ ಒಂದೇ. ಓಡಿಬಂದವರ ಅಳಿವು ಉಳಿವು ಅವರ ಭಯದ ಸತ್ಯಾಸತ್ಯತೆಗಿಂತ ಹೆಚ್ಚಾಗಿ ಮೇಜಿನ ಆಚೆ ಕುಳಿತವರ ಒಲವನ್ನು ಅವಲಂಬಿಸುತ್ತದೆ. ಇದಕ್ಕೆ ಪರಿಹಾರ ಹೊಸ ಸಿದ್ಧಾಂತವಲ್ಲ. ಅಮೆರಿಕದ ಕಾಂಗ್ರೆಸ್ 'ಲಿಂಗ'ವನ್ನು ಕಾನೂನಿನಲ್ಲೇ ಬರೆದರೆ ಅಟಾರ್ನಿ ಜನರಲ್‌ಗಳ ತೂಗುಯ್ಯಾಲೆ ನಿಲ್ಲುತ್ತದೆ. ಭಾರತದ ಸಂಸತ್ತು ತನ್ನದೇ ಗೃಹ ಸಚಿವಾಲಯ 2011ರಲ್ಲಿ ಬರೆದ ಒಂದು ಸಾಲನ್ನು ಕಾಯಿದೆಯಾಗಿಸಿದರೆ ಸಾಕು, ಅರ್ಧ ದಾರಿ ಕ್ರಮಿಸಿದಂತೆ. ಸ್ವೀಡನ್ನಿನ ಪ್ರತಿನಿಧಿ 1951ರಲ್ಲಿ ಸೂಚಿಸಿದ್ದೂ ಅಷ್ಟೇ ಉದ್ದದ ಒಂದು ಸಾಲು.